ಮೊದಲ ವರ್ಷದ ಆತಂಕ: ಡಿಸೆಕ್ಷನ್ ಹಾಲ್‌ನಿಂದ ವೈವಾವರೆಗೆ

ವೈದ್ಯಕೀಯ, ನರ್ಸಿಂಗ್, ಫಿಸಿಯೋಥೆರಪಿ ಸೇರಿದವರು ಮೊದಲು ಮಾಡಬೇಕಾದ್ದು, ಯಾವಾಗ ಎದೆ ಡವಗುಟ್ಟುತ್ತದೆ ಎಂದು ಒಂದು ವಾರ ಬರೆದಿಡುವುದು. ದಿನ, ಹೊತ್ತು, ಜಾಗ, ಇಷ್ಟು ಸಾಕು. ‘ಕಾಲೇಜೆಂದರೇ ಭಯ’ ಎನ್ನುವವರಿಗೆ ದಾರಿ ತೋರಿಸುವುದು ಕಷ್ಟ. ‘ಬುಧವಾರದ ವೈವಾ (ಮೌಖಿಕ ಪರೀಕ್ಷೆ) ಭಯ’ ಎಂದರೆ ಕೆಲಸ ಶುರುಮಾಡಬಹುದು.

ಶವ ಕೊಯ್ದು ಅಂಗರಚನೆ ಕಲಿಯುವ ಡಿಸೆಕ್ಷನ್ ಹಾಲ್‌ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಶವ ಕೆಡದಂತೆ ಬಳಸುವ ಫಾರ್ಮಲಿನ್ ಕಣ್ಣು ಉರಿಸುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಬದಲು ಕನ್ನಡಕ ಹಾಕಿಕೊಳ್ಳಿ. ಮಂಡಿ ಸೆಟೆಸಿ ಅಲುಗಾಡದೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆ ಸುತ್ತುತ್ತದೆ. ಆಗ ಹಲವರು ಮೈ ಸಡಿಲ ಬಿಟ್ಟು ದೀರ್ಘವಾಗಿ ಉಸಿರಾಡಲು ನೋಡುತ್ತಾರೆ. ಅದು ಇಲ್ಲಿ ಸಾಲದು, ಏಕೆಂದರೆ ಇಳಿಯುತ್ತಿರುವುದು ರಕ್ತದೊತ್ತಡ. ತೋಳು, ತೊಡೆ, ಹೊಟ್ಟೆಯ ಸ್ನಾಯುಗಳನ್ನು 10–15 ಸೆಕೆಂಡ್ ಬಿಗಿಹಿಡಿದು, 20–30 ಸೆಕೆಂಡ್ ಬಿಡಿ. ಹೀಗೆ 5 ಸಲ. ಆದರೂ ಕಣ್ಣು ಕತ್ತಲೆ ಬಂದರೆ ನಾಚದೆ ಕುಳಿತುಬಿಡಿ, ಸಾಧ್ಯವಾದರೆ ಮಲಗಿ ಕಾಲು ಮೇಲೆತ್ತಿ.

ಹೆಚ್ಚಿನವರನ್ನು ಕಂಗೆಡಿಸುವುದು ಮಾತ್ರ ಓದಿನ ರಾಶಿ. ಪಿಯುಸಿಯಲ್ಲಿ ಮೂರು ಸಲ ಓದಿದರೆ ತಲೆಯಲ್ಲಿ ನಿಲ್ಲುತ್ತಿತ್ತು, ಇಲ್ಲಿ ನಿಲ್ಲುವುದಿಲ್ಲ. ಮತ್ತೆ ಮತ್ತೆ ಓದಿದಾಗ ಪುಟ ಪರಿಚಿತವಾಗುತ್ತದೆ; ಆ ಪರಿಚಯವನ್ನೇ ‘ಬರುತ್ತದೆ’ ಎಂದುಕೊಂಡವರು ಪರೀಕ್ಷಕರ ಮುಂದೆ ತಡವರಿಸುತ್ತಾರೆ. 25 ನಿಮಿಷ ಓದಿ, ಪುಸ್ತಕ ಮುಚ್ಚಿ, 10 ನಿಮಿಷ ಖಾಲಿ ಹಾಳೆಯ ಮೇಲೆ ನೆನಪಿದ್ದಷ್ಟು ಬರೆಯಿರಿ. 12 ಕಪಾಲ ನರಗಳಲ್ಲಿ 7 ಮಾತ್ರ ಬಂದರೆ, ಉಳಿದ 5ನ್ನು ಕೆಂಪು ಶಾಯಿಯಲ್ಲಿ ತುಂಬಿಸಿ. ಮರುದಿನ, 3ನೇ ದಿನ, 7ನೇ ದಿನ ಮತ್ತೆ ಖಾಲಿ ಹಾಳೆಯಿಂದಲೇ ಶುರುಮಾಡಿ. ಮೊದಲ ಸಲ ಹಾಳೆ ಅರ್ಧಕ್ಕರ್ಧ ಖಾಲಿ ಉಳಿದರೆ ಎದೆಗುಂದಬೇಡಿ, ನೆನಪಿಸಿಕೊಳ್ಳಲು ಪಡುವ ಆ ಶ್ರಮವೇ ನೆನಪನ್ನು ಗಟ್ಟಿಮಾಡುವುದು.

ವೈವಾಗೆ ಬರೆದರಷ್ಟೇ ಸಾಲದು, ಬಾಯಿಬಿಟ್ಟು ಹೇಳಿ ರೂಢಿಯಾಗಬೇಕು. ಗೆಳೆಯರೊಬ್ಬರನ್ನು ಎದುರು ಕೂರಿಸಿಕೊಂಡು ದಿನಕ್ಕೆ 5 ಪ್ರಶ್ನೆ ಕೇಳಿಸಿಕೊಳ್ಳಿ. ವ್ಯಾಖ್ಯೆಯಿಂದ ಶುರುಮಾಡಿದರೆ ಮುಂದಿನ ಮಾತು ತಾನಾಗಿ ಬರುತ್ತದೆ. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ ಸರ್’ ಎನ್ನುವುದನ್ನೂ ಅಭ್ಯಾಸ ಮಾಡಿ.

ಕಾಫಿ ಮಧ್ಯಾಹ್ನಕ್ಕೇ ಮುಗಿಯಲಿ. ಕೆಫೀನಿನ ಅರ್ಧದಷ್ಟು ದೇಹದಿಂದ ಹೋಗಲು ಸುಮಾರು 5 ಗಂಟೆ ಬೇಕು. ರಾತ್ರಿ ಕುಡಿದರೆ ನಿದ್ದೆಯೂ ಕೆಡುತ್ತದೆ, ಎದೆಬಡಿತವೂ ಏರುತ್ತದೆ.

ಇಷ್ಟೆಲ್ಲ ಮಾಡಿಯೂ ಎರಡು ವಾರ ನಿದ್ದೆ, ಊಟ, ತರಗತಿ ತಪ್ಪುತ್ತಲೇ ಇದ್ದರೆ ಆಪ್ತಸಮಾಲೋಚಕರನ್ನು ಕಾಣಿರಿ. ಆತಂಕ ಅಳೆಯಲು ಅವರು ಬಳಸುವ ಜಿಎಡಿ-7 ಪ್ರಶ್ನಾವಳಿಯಲ್ಲಿ 21ಕ್ಕೆ 10 ಅಥವಾ ಹೆಚ್ಚು ಅಂಕ ಬಂದರೆ ಮುಂದಿನ ತಪಾಸಣೆ ಅಗತ್ಯ. ಬದುಕೇ ಬೇಡ ಎನ್ನಿಸಿದರೆ ಅಂಕಕ್ಕೂ ಎರಡು ವಾರಕ್ಕೂ ಕಾಯಬೇಡಿ. ಪಕ್ಕದ ಕೋಣೆಯವರನ್ನು ಎಬ್ಬಿಸಿ, ಅವರ ಜೊತೆ ಆಗಲೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.