ಸಂಶೋಧನಾ ವೆಚ್ಚಕ್ಕೂ ಇಂಗಾಲ ಹೊರಸೂಸುವಿಕೆಗೂ ಇರುವ ಸಂಬಂಧವನ್ನು ಅಳೆಯುವ ಬಗೆ

ಸಂಶೋಧನೆ ಮತ್ತು ಅಭಿವೃದ್ಧಿಗೆ ಹೆಚ್ಚು ಹಣ ತೊಡಗಿಸಿದ ದೇಶದ ಇಂಗಾಲ ಹೊರಸೂಸುವಿಕೆ ಇಳಿಯುತ್ತದೆಯೇ ಎಂಬ ಪ್ರಶ್ನೆಯನ್ನು ಕಿರುಪ್ರಬಂಧಕ್ಕೆ ಆಯ್ದುಕೊಳ್ಳುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎರಡೂ ಅಂಕಿಗಳನ್ನು ಎಕ್ಸೆಲ್ ಹಾಳೆಯಲ್ಲಿ ಅಕ್ಕಪಕ್ಕ ಇಟ್ಟು ಸಹಸಂಬಂಧವನ್ನು (ಎರಡೂ ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬ ಅಳತೆಯನ್ನು) ಲೆಕ್ಕಹಾಕಿ ಕೈತೊಳೆದುಕೊಳ್ಳುತ್ತಾರೆ. ಆ ಉತ್ತರವನ್ನು ನಂಬುವಂತಿಲ್ಲ. ದಕ್ಷಿಣ ಕೊರಿಯಾ ತನ್ನ ಜಿಡಿಪಿಯ ಸುಮಾರು ಶೇ. 5ರಷ್ಟನ್ನು ಸಂಶೋಧನೆಗೆ ವ್ಯಯಿಸುತ್ತದೆ. 2020-21ರಲ್ಲಿ ಭಾರತದ ಪಾಲು ಶೇ. 0.64 ಮಾತ್ರ. ಆದರೆ ತಲಾವಾರು ಇಂಗಾಲದ ಡೈಆಕ್ಸೈಡ್ ಕೊರಿಯಾದಲ್ಲಿ ವರ್ಷಕ್ಕೆ 11 ಟನ್ನಿನ ಆಸುಪಾಸಿನಲ್ಲಿದ್ದರೆ ಭಾರತದಲ್ಲಿ ಸುಮಾರು 2 ಟನ್ ಇದೆ. ಸಂಶೋಧನೆಯಿಂದಲೇ ಹೊಗೆ ಹೆಚ್ಚಿತೆಂದು ಇದರಿಂದ ಯಾರೂ ತೀರ್ಮಾನಿಸಲಾರರು. ಆದಾಯ ಮತ್ತು ಉಕ್ಕು, ಹಡಗುಗಳಂತಹ ಕೈಗಾರಿಕೆಗಳು ಅಲ್ಲಿ ಎರಡನ್ನೂ ಒಟ್ಟಿಗೆ ಮೇಲೇರಿಸಿವೆ.

ಆದ್ದರಿಂದ ಮೊದಲು ಹಣದ ಬಾಬತ್ತನ್ನು ಬಿಡಿಸಿ ನೋಡಬೇಕು. ಒಟ್ಟು ವೆಚ್ಚದ ಅಂಕಿ ವಿಶ್ವಬ್ಯಾಂಕಿನ ದತ್ತಾಂಶದಲ್ಲಿ ಸಿಗುತ್ತದೆ, ಹೊರಸೂಸುವಿಕೆಯದು ವಿಜ್ಞಾನಿಗಳ ಅಂತರರಾಷ್ಟ್ರೀಯ ಕೂಟವಾದ ಗ್ಲೋಬಲ್ ಕಾರ್ಬನ್ ಪ್ರಾಜೆಕ್ಟ್‌ನಲ್ಲಿ. ಆದರೆ ಭಾರತದಲ್ಲಿ ಕೇಂದ್ರ ಸರ್ಕಾರದ ಸಂಶೋಧನಾ ಹಣದ ಬಹುಪಾಲು ರಕ್ಷಣೆ, ಬಾಹ್ಯಾಕಾಶ, ಕೃಷಿ ಮತ್ತು ಪರಮಾಣು ಶಕ್ತಿಗೆ ಹೋಗುತ್ತದೆ. ಕ್ಷಿಪಣಿಗೆ ಹಾಕಿದ ರೂಪಾಯಿಯಿಂದ ಕಲ್ಲಿದ್ದಲು ಉಳಿಯುತ್ತದೆಂದು ನಿರೀಕ್ಷಿಸುವುದರಲ್ಲಿ ಅರ್ಥವಿಲ್ಲ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯು ತನ್ನ ಸದಸ್ಯ ರಾಷ್ಟ್ರಗಳ ಇಂಧನ ಸಂಶೋಧನೆಯ ಸಾರ್ವಜನಿಕ ಬಜೆಟ್ಟನ್ನು ಪ್ರತ್ಯೇಕವಾಗಿ ಪ್ರಕಟಿಸುತ್ತದೆ. ಸಾಧ್ಯವಿದ್ದಲ್ಲಿ ಅದನ್ನೇ ಬಳಸಿರಿ. ಹಲವು ದೇಶಗಳಲ್ಲಿ ವೆಚ್ಚದ ಸಮೀಕ್ಷೆ ಪ್ರತಿವರ್ಷ ನಡೆಯುವುದಿಲ್ಲವಾದ್ದರಿಂದ ಹಾಳೆಯಲ್ಲಿ ಖಾಲಿ ಚೌಕಗಳು ಉಳಿಯುತ್ತವೆ. ಅವನ್ನು ಅಂದಾಜಿನಿಂದ ತುಂಬಿದ್ದರೆ ಆ ವಿಷಯವನ್ನು ಪ್ರಬಂಧದಲ್ಲಿ ಹೇಳಲೇಬೇಕು.

ಬಳಿಕ ಹೊರಸೂಸುವಿಕೆಯನ್ನೂ ಬಿಡಿಸಬೇಕು. ಇದಕ್ಕೆ ಜಪಾನಿನ ಇಂಧನ ತಜ್ಞ ಯೋಯಿಚಿ ಕಾಯಾ ಅವರ ಸಮೀಕರಣ ಸಾಕು: ಜನಸಂಖ್ಯೆ, ತಲಾವಾರು ಜಿಡಿಪಿ, ಜಿಡಿಪಿಯ ಪ್ರತಿ ಘಟಕಕ್ಕೆ ತಗಲುವ ಶಕ್ತಿ ಮತ್ತು ಶಕ್ತಿಯ ಪ್ರತಿ ಘಟಕದಿಂದ ಹೊಮ್ಮುವ ಇಂಗಾಲ, ಈ ನಾಲ್ಕರ ಗುಣಲಬ್ಧವೇ ಒಟ್ಟು ಹೊರಸೂಸುವಿಕೆ. ಒಂದು ದೇಶದಲ್ಲಿ ಇವು ವರ್ಷಕ್ಕೆ ಕ್ರಮವಾಗಿ ಶೇ. 1 ಮತ್ತು 5ರಷ್ಟು ಏರಿ, ಶೇ. 2.5 ಮತ್ತು 0.5ರಷ್ಟು ಇಳಿದವು ಎಂದುಕೊಳ್ಳೋಣ. ಬೆಳವಣಿಗೆಯ ದರಗಳನ್ನು ಕೂಡಿಸಿದರೆ ಹೊರಸೂಸುವಿಕೆ ಸುಮಾರು ಶೇ. 3ರಷ್ಟು ಏರುತ್ತದೆ. ಒಟ್ಟು ಅಂಕಿಯನ್ನಷ್ಟೇ ನೋಡಿದವರಿಗೆ ಸಂಶೋಧನೆ ಸೋತಂತೆ ಕಾಣುತ್ತದೆ. ತಂತ್ರಜ್ಞಾನದ ಪ್ರಭಾವವನ್ನು ಹುಡುಕಬೇಕಾದದ್ದು ಕೊನೆಯ ಎರಡು ಅಂಶಗಳಲ್ಲಿ, ಅಲ್ಲಿ ಇಳಿಕೆಯಾಗಿದೆ. ಇಂಧನ ಸಂಶೋಧನೆಯ ವೆಚ್ಚವನ್ನು ಆ ಎರಡು ಅಂಕಣಗಳೊಂದಿಗೇ ಹೋಲಿಸಿರಿ. ಎಂಜಿನಿನ ದಕ್ಷತೆ ಹೆಚ್ಚಿದಷ್ಟೂ ಕಲ್ಲಿದ್ದಲಿನ ಬಳಕೆ ಏರುತ್ತದೆಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟಾನ್ಲಿ ಜೆವನ್ಸ್ 1865ರಲ್ಲಿಯೇ ವಾದಿಸಿದ್ದುದರಿಂದ, ಶಕ್ತಿಯ ಒಟ್ಟು ಬಳಕೆಯ ಅಂಕಣವೊಂದು ಪಕ್ಕದಲ್ಲಿರಲಿ.

ಅತ್ಯಂತ ಕಷ್ಟದ ಭಾಗ ಕಾಲ ಮತ್ತು ಸ್ಥಳದ ಅಂತರ. ಅಮೆರಿಕದ ಬೆಲ್ ಪ್ರಯೋಗಾಲಯವು ಸಿಲಿಕಾನ್ ಸೌರಕೋಶವನ್ನು ಪ್ರದರ್ಶಿಸಿದ್ದು 1954ರಲ್ಲಿ. ಮುಂದಿನ ಸಂಶೋಧನೆ ಜಪಾನ್, ಜರ್ಮನಿ, ಆಸ್ಟ್ರೇಲಿಯಾಗಳಲ್ಲಿಯೂ ನಡೆಯಿತು, ಬೃಹತ್ ಉತ್ಪಾದನೆ ಚೀನಾದಲ್ಲಿ ಬೆಳೆಯಿತು, ಫಲಕಗಳ ಬೆಲೆ ಕುಸಿದ ನಂತರ ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ತಲೆಯೆತ್ತಿತು. ವೆಚ್ಚ ಒಂದು ದೇಶದ ಲೆಕ್ಕದಲ್ಲಿ, ಫಲ ಇನ್ನೊಂದು ದೇಶದ ಲೆಕ್ಕದಲ್ಲಿ, ನಡುವೆ ಅರ್ಧ ಶತಮಾನಕ್ಕೂ ಹೆಚ್ಚಿನ ಅಂತರ! ಹೀಗಿರುವಾಗ ಒಂದೇ ವರ್ಷದ ವೆಚ್ಚವನ್ನೂ ಹೊರಸೂಸುವಿಕೆಯನ್ನೂ ಜೋಡಿಸುವುದು ತಪ್ಪು. ಹೊರಸೂಸುವಿಕೆಯನ್ನು 5, 10, 15 ವರ್ಷ ಹಿಂದಿನ ವೆಚ್ಚದೊಂದಿಗೆ ಜೋಡಿಸಿ ಪ್ರತ್ಯೇಕವಾಗಿ ಪರೀಕ್ಷಿಸಿರಿ, ಆಮದಾದ ತಂತ್ರಜ್ಞಾನಕ್ಕೊಂದು ಅಂಕಣ ಸೇರಿಸಿರಿ. ಹೊರಸೂಸುವಿಕೆಯನ್ನು ಉತ್ಪಾದನೆಯ (ಸರಕು ತಯಾರಾದ ದೇಶದ) ಆಧಾರದ ಮೇಲೆ ಮಾತ್ರವಲ್ಲದೆ ಬಳಕೆಯ (ಸರಕು ಬಳಸಿದ ದೇಶದ) ಆಧಾರದ ಮೇಲೂ ನೋಡಿರಿ. ಇಲ್ಲವಾದರೆ ಕಾರ್ಖಾನೆಯನ್ನು ಹೊರದೇಶಕ್ಕೆ ಕಳುಹಿಸಿದ ರಾಷ್ಟ್ರವೂ ಸ್ವಚ್ಛವಾಗಿ ಕಾಣುತ್ತದೆ.

ಪ್ರತಿ ಹೊಸ ಅಂಕಿಯೂ ಹಿಂದಿನ ಅಂಕಿಗೆ ಯಾದೃಚ್ಛಿಕ ಬದಲಾವಣೆ ಸೇರಿ ಬರುವ, ಪರಸ್ಪರ ನಂಟೇ ಇಲ್ಲದ ಎರಡು ಶ್ರೇಣಿಗಳ ನಡುವೆಯೂ ಹುಸಿ ಸಂಬಂಧ ಗೋಚರಿಸಬಹುದೆಂದು ಅರ್ಥಶಾಸ್ತ್ರಜ್ಞರಾದ ಗ್ರೇಂಜರ್ ಮತ್ತು ನ್ಯೂಬೋಲ್ಡ್ 1974ರಲ್ಲಿ ತೋರಿಸಿದರು. ಹಾಗಾಗಿ ಮೂಲ ಅಂಕಿಗಳ ಬದಲು ವರ್ಷದಿಂದ ವರ್ಷಕ್ಕಾದ ಬದಲಾವಣೆಯನ್ನಿಟ್ಟು ಲೆಕ್ಕವನ್ನು ಮತ್ತೊಮ್ಮೆ ಮಾಡಿರಿ. ಸಂಬಂಧ ಅಲ್ಲಿ ಮಾಯವಾದರೆ ಅದನ್ನೂ ಫಲಿತಾಂಶವೆಂದೇ ದಾಖಲಿಸಿರಿ. ಉಳಿದರೆ, ಯಾವ ಬಾಬತ್ತಿನ ವೆಚ್ಚ, ಎಷ್ಟು ವರ್ಷಗಳ ಅಂತರ, ಕಾಯಾ ಸಮೀಕರಣದ ಯಾವ ಅಂಶ ಎಂಬ ಮೂರನ್ನೂ ಒಂದೇ ವಾಕ್ಯದಲ್ಲಿ ಹೆಸರಿಸಿ ಬರೆಯಿರಿ.