ಫೋಟೋದಲ್ಲಿ ಬಯಲು, ಪಕ್ಕದಲ್ಲಿ ಪಿಜಿ

ಬೆಂಗಳೂರಿನ ವಿಜಯನಗರ, ನಾಗರಭಾವಿ ಕಡೆ ಮನೆ, ಸೈಟು ಕೊಡಿಸುವುದು ನನ್ನ ಕಸುಬು. ಫೋನ್ ಮಾಡಿದವರು ರೇಟಿಗಿಂತ ಮೊದಲು ಕೇಳುವುದು ‘ರೋಡ್ ಎಷ್ಟಡಿ ಸಾರ್? ಕಾರು ತಿರುಗುತ್ತಾ?’ ಅಂತ. ಮೂವತ್ತಡಿ ಎಂದರೆ ಯಾರೂ ನಂಬುವುದಿಲ್ಲ. ನಮ್ಮ ಕಸುಬಿಗೆ ಅಂಥ ಹೆಸರಿದೆ ಬಿಡಿ.

ಅವರನ್ನು ನಂಬಿಸಲು ನನಗೆ ಸಿಕ್ಕಿದ್ದು ಸ್ಟ್ರೀಟ್ ವ್ಯೂ, ಅಂದರೆ ಗೂಗಲ್ ಮ್ಯಾಪ್‌ನಲ್ಲಿ ರಸ್ತೆಯಲ್ಲೇ ನಿಂತಂತೆ ಸುತ್ತ ತಿರುಗಿಸಿ ನೋಡುವ ಚಿತ್ರ. ಗೂಗಲ್‌ನವರು 2011ರಲ್ಲೇ ಬೆಂಗಳೂರಿನಲ್ಲಿ ಇದಕ್ಕಾಗಿ ಕ್ಯಾಮೆರಾ ಕಾರು ಓಡಿಸಿದ್ದರು. ಕೆಲವೇ ವಾರಗಳಲ್ಲಿ ಪೊಲೀಸರು ನಿಲ್ಲಿಸಿದರು. 2022ರ ಜುಲೈನಲ್ಲಿ ಸ್ಟ್ರೀಟ್ ವ್ಯೂ ಮತ್ತೆ ಬಂತು. ಈ ಸಲ ಚಿತ್ರಗಳು ಜೆನೆಸಿಸ್ ಇಂಟರ್‌ನ್ಯಾಷನಲ್, ಟೆಕ್ ಮಹೀಂದ್ರಾ ಕಂಪನಿಗಳದ್ದು. ಮೊದಲ ಹತ್ತು ಊರುಗಳಲ್ಲಿ ನಮ್ಮ ಬೆಂಗಳೂರೂ ಇತ್ತು. ನನಗೋ ಹಬ್ಬ. ಹೊಸ ಮನೆ ಕೈಗೆ ಬಂದರೆ ಸಾಕು, ಲಿಂಕ್ ತೆಗೆದು ವಾಟ್ಸಾಪ್‌ಗೆ ಹಾಕುತ್ತಿದ್ದೆ.

ಹಾಗೇ ಒಂದು 30x40 ಮನೆಯ ಲಿಂಕನ್ನು ಹುಬ್ಬಳ್ಳಿಯ ಒಬ್ಬರಿಗೆ ಕಳಿಸಿದೆ. ಪಕ್ಕದ ಸೈಟು ಖಾಲಿ, ಒಳ್ಳೆ ಗಾಳಿ ಬೆಳಕು. ಅವರು ಖುಷಿಯಾಗಿ ರಾತ್ರಿ ರೈಲು ಹತ್ತಿ ಬಂದರು. ಬಂದು ನೋಡಿದರೆ ಆ ಖಾಲಿ ಸೈಟಿನಲ್ಲಿ ನಾಲ್ಕು ಮಹಡಿಯ ಪಿಜಿ! ‘ಏನ್ರೀ ಇದು, ಫೋಟೋದಾಗ ಬಯಲು ತೋರ್ಸೀರಿ, ಇಲ್ಲಿ ನೋಡಿದ್ರ ಕಟ್ಟಡ ನಿಂತೈತಲ್ರೀ’ ಅಂದರು. ಮಾತಾಡಲು ನನಗೆ ಬಾಯೇ ಇರಲಿಲ್ಲ. ಚಿತ್ರ ತೆಗೆದ ತಿಂಗಳು, ವರ್ಷ ಅದರ ಮೇಲೇ ಇರುತ್ತದೆ. ನಾನು ನೋಡಿರಲಿಲ್ಲ, ಅಷ್ಟೇ. ಮನೆಯನ್ನೂ ಹೋಗಿ ನೋಡಿರಲಿಲ್ಲ, ಅದು ಇನ್ನೂ ದೊಡ್ಡ ತಪ್ಪು.

ಈಗ ಲಿಂಕ್ ಜೊತೆಗೆ ‘ಇದು ಇಂಥ ವರ್ಷದ್ದು, ಆಮೇಲೆ ಇಷ್ಟು ಬದಲಾಗಿದೆ’ ಅಂತ ಎರಡು ಸಾಲು ಬರೆದು, ಅದೇ ಜಾಗದಲ್ಲಿ ನಿಂತು ತೆಗೆದ ಇವತ್ತಿನ ಫೋಟೋ ಸೇರಿಸುತ್ತೇನೆ. ಕೆಲವೊಮ್ಮೆ ಉಲ್ಟಾನೂ ಆಗುತ್ತದೆ. ಒಂದು ಮನೆಯ ಎದುರಿನ ಮೂಲೆಯಲ್ಲಿ ಚಿತ್ರದ ತುಂಬ ಕಸದ ರಾಶಿ. ಈಗ ಅಲ್ಲಿ ರಂಗೋಲಿ ಹಾಕಿ, ಗಿಡದ ಕುಂಡ ಇಟ್ಟಿದ್ದಾರೆ. ಆ ಎರಡು ಚಿತ್ರ ಪಕ್ಕಪಕ್ಕ ಕಳಿಸಿದ್ದಕ್ಕೇ ಜನ ನೋಡಲು ಬಂದರು.

ಲಿಂಕ್ ತೆಗೆಯುವಾಗ ಬೇಕಾದ ದಿಕ್ಕಿಗೆ ತಿರುಗಿಸಿ ಆಮೇಲೆ ಕಾಪಿ ಮಾಡಿ. ತೆರೆದವರಿಗೂ ಅದೇ ಕೋನ ಕಾಣುತ್ತದೆ. ಸ್ಕ್ರೀನ್‌ಶಾಟ್ ತೆಗೆದು ಪಾಂಪ್ಲೆಟ್‌ನಲ್ಲಿ ಪ್ರಿಂಟ್ ಹಾಕಿಸಬೇಡಿ, ಗೂಗಲ್ ನಿಯಮ ಒಪ್ಪುವುದಿಲ್ಲ. ಒಬ್ಬ ಓನರ್ ‘ಕಳ್ಳರ ಭಯ, ನಮ್ಮನೆ ಮಸುಕು ಮಾಡ್ಸಿ’ ಅಂದರು. ಗೂಗಲ್‌ಗೆ ಕೇಳಿದರೆ ಮಾಡುತ್ತಾರೆ, ಆದರೆ ಒಮ್ಮೆ ಮಸುಕಾದದ್ದು ಮತ್ತೆ ತಿಳಿಯಾಗುವುದಿಲ್ಲ. ಮೊದಲು ಮಾರಾಟವಾಗಲಿ ಸಾರ್ ಅಂದೆ.

ಸ್ಟ್ರೀಟ್ ವ್ಯೂ ಆನ್ ಮಾಡಿದರೆ ಚಿತ್ರ ಇರುವ ರಸ್ತೆಗಳ ಮೇಲೆ ಮ್ಯಾಪ್‌ನಲ್ಲಿ ನೀಲಿ ಗೆರೆ ಕಾಣುತ್ತದೆ. ಊರಾಚೆಯ ಹೊಸ ಲೇಔಟ್‌ಗಳಲ್ಲಿ ಆ ಗೆರೆಯೇ ಇರದಿದ್ದರೆ ಚಿತ್ರ ಸಿಗುವುದಿಲ್ಲ. ಅಲ್ಲಿ ಮೇನ್ ರೋಡಿನಿಂದ ಸೈಟಿನವರೆಗೆ ನಡೆಯುತ್ತಾ ಮೊಬೈಲಲ್ಲಿ ಒಂದೇ ವಿಡಿಯೋ ಮಾಡುತ್ತೇನೆ, ಕಟ್ ಮಾಡದೆ.

ಮನೆ ಮುಂದೆ ಟ್ರಾನ್ಸ್‌ಫಾರ್ಮರ್ ಇದ್ದರೆ ಈಗ ಮೊದಲು ಆ ಕಡೆಗೇ ತಿರುಗಿಸಿ ಲಿಂಕ್ ಕಳಿಸುತ್ತೇನೆ. ಹೇಗೂ ಅವರೇ ತಿರುಗಿಸಿ ನೋಡುತ್ತಾರೆ, ಅಲ್ವಾ? ಕೆಲವರು ಫೋನಲ್ಲೇ ಬೇಡ ಅನ್ನುತ್ತಾರೆ. ನನ್ನ ಪೆಟ್ರೋಲ್ ಉಳಿಯಿತು.