ಬೀದಿದೀಪ ಆರಿದ್ದರೆ ಕಂಬದ ಸಂಖ್ಯೆ ಕೊಡಿ
ಮುಂಬಯಿಯಲ್ಲಿ ಬೀದಿದೀಪ ಕೆಟ್ಟರೆ, ಕಂಬದ ಮೇಲೆ ಬರೆದಿರುವ ಸಂಖ್ಯೆಯ ಫೋಟೋವನ್ನು ಹಗಲಿನಲ್ಲೇ ತೆಗೆದುಕೊಂಡು ನೇರವಾಗಿ ವಿದ್ಯುತ್ ಕಂಪನಿಗೆ ದೂರು ಕೊಡಿ. ಇಲ್ಲಿ ದೀಪಗಳ ನಿರ್ವಹಣೆ ಅವರದೇ: ಕೊಲಾಬಾದಿಂದ ಮಾಹಿಮ್, ಸಯನ್‌ವರೆಗೆ ಬೆಸ್ಟ್ (BEST) ಸಂಸ್ಥೆ, ಉಪನಗರಗಳ ಬಹುಭಾಗದಲ್ಲಿ ಅದಾನಿ, ಭಾಂಡುಪ್-ಮುಲುಂಡ್ ಕಡೆ ಮಹಾವಿತರಣ. ‘ದೇವಸ್ಥಾನದ ಹತ್ತಿರದ ಕಂಬ’ ಎಂದರೆ ದುರಸ್ತಿಗೆ ಬಂದವರು ಹಗಲಲ್ಲಿ ಆರಿದ ದೀಪ ಯಾವುದೆಂದು ಹೇಗೆ ಗುರುತಿಸಬೇಕು? ಸಂಖ್ಯೆ ಇದ್ದರೆ ನೇರವಾಗಿ ಅಲ್ಲಿಗೇ ಬರುತ್ತಾರೆ. ಅಳಿಸಿಹೋಗಿದ್ದರೆ ಅಕ್ಕಪಕ್ಕದ ಎರಡು ಕಂಬಗಳ ಸಂಖ್ಯೆ ಕೊಡಿ. ಸೊಸೈಟಿ ಆವರಣದ ಒಳಗಿನ ದೀಪಕ್ಕೆ ಇದು ನಡೆಯದು, ಅದು ಸೊಸೈಟಿಯ ಹೊಣೆ. ಇಡೀ ಸಾಲು ಕತ್ತಲಾಗಿದ್ದರೆ ನೆಲದಡಿಯ ಕೇಬಲ್ ಕೆಟ್ಟಿರಬಹುದು, ಆಗ ತಡವಾಗುತ್ತದೆ. ಮಕ್ಕಳು ಸಂಜೆ ಟ್ಯೂಷನ್ ಮುಗಿಸಿ ಬರುವ ದಾರಿಯ ಸಂಖ್ಯೆಗಳನ್ನಂತೂ ದಯವಿಟ್ಟು ಇಂದೇ ಬರೆದಿಟ್ಟುಕೊಳ್ಳಿ.